ಕುದುರೆ ಮೆಂತೆ: ಎರಡು ಆಕಳಿಗೆ ಎಷ್ಟು ಗುಂಟೆ?



ನಮ್ಮ ರವಿವಾರದ ಕನ್ನಡ ಅವಧಿಗೆ ನೀವು ಫೋನ್ ಮಾಡುವುದು ಹೆಚ್ಚಾಗಿ ಹಾಡು ಕೇಳುವುದಕ್ಕೆ. ಆದರೆ ಕಳೆದ ತಿಂಗಳು ಡೊಂಬಿವಿಲಿಯ ಕೇಳುಗರೊಬ್ಬರು ಹಾಡಿನ ಹೆಸರು ಹೇಳಿದ ಮೇಲೂ ಫೋನ್ ಇಡಲಿಲ್ಲ. "ಮೇಡಂ, ಒಂದ ಮಾತ ಕೇಳ್ತೀನಿ. ಊರಾಗ ನಮ್ಮ ತಮ್ಮ ಎರಡು ಎಚ್ಚೆಫ್ ಆಕಳ ತಂದಾನ. ರೊಕ್ಕ ನಾನ ಕಳಿಸೀನಿ. ಈಗ ಬೋರ್ ಹೊಡಿಸಿ ಎರಡ ಎಕರೆ ಕುದರಿ ಮೆಂತಿ ಹಾಕ್ತೀನಿ, ಇನ್ನಷ್ಟು ರೊಕ್ಕ ಕಳಿಸು ಅಂತಾನ. ಅದನ್ನ ತಿಂದ್ರ ದನ ಹೊಟ್ಟಿ ಉಬ್ಬಿ ಸಾಯ್ತಾವ ಅಂತ ಊರಾಗ ಬ್ಯಾರೆಯವರು ಅಂತಾರ. ಯಾವುದು ಖರೆ?" ಎಂದರು.

ಅವರ ಊರು ವಿಜಯಪುರ ಜಿಲ್ಲೆಯಲ್ಲಿ. ನನಗೆ ಗಡಿಯಾರ ತೋರಿಸುತ್ತಿದ್ದ ಸಮಯ ಅರ್ಧ ನಿಮಿಷ. "ಮೇವು ಒಳ್ಳೆಯದು, ಹಿತಮಿತವಾಗಿ ಹಾಕಲಿ" ಎಂದು ಹೇಳಿ ಹಾಡು ಹಚ್ಚಿಬಿಟ್ಟೆ. ಸ್ಟುಡಿಯೋದಿಂದ ಹೊರಗೆ ಬಂದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಹಿತಮಿತ ಎಂದರೆ ಎಷ್ಟು? ಎರಡು ಎಕರೆ ಎಂದರೆ ಹಿತವೇ, ಮಿತವೇ? ಕನ್ನಡ ಬಿ.ಎ. ಓದಿದವಳಿಗೆ ಮೇವಿನ ಲೆಕ್ಕ ಏಕೆ ಎಂದು ನೀವು ಕೇಳಬಹುದು. ಕುದುರೆ ಮೆಂತೆಯ ಪಾಠವನ್ನು ನಾನು ಹತ್ತನೆಯ ವಯಸ್ಸಿನಲ್ಲೇ ಕಲಿತವಳು, ಅದೂ ದುಬಾರಿ ಬೆಲೆ ಕೊಟ್ಟು. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಗುರುತು ಹಚ್ಚೋಣ. ಮೆಡಿಕಲ್ ಅಂಗಡಿಯ ಕಪಾಟಿನಲ್ಲಿ ಆಲ್ಫಾಲ್ಫಾ ಟಾನಿಕ್ ಎಂಬ ಬಾಟಲಿ ನೋಡಿರುತ್ತೀರಿ. ಆ ಆಲ್ಫಾಲ್ಫಾ ಎಂದರೆ ಬೇರೇನೂ ಅಲ್ಲ, ನಮ್ಮ ಕುದುರೆ ಮೆಂತೆಯೇ! ಕೆಲವು ಕಡೆ ಇದನ್ನು ಕುದುರೆ ಮಸಾಲೆ ಎಂದೂ ಕರೆಯುತ್ತಾರೆ. ಚೆನ್ನೈ ಕೇಳುಗರು ಕುದಿರೈ ಮಸಾಲ್ ಎಂದು ಕೇಳಿರಬಹುದು. ಇಂಗ್ಲಿಷ್ ಪುಸ್ತಕಗಳಲ್ಲಿ ಲೂಸರ್ನ್. ದಿಲ್ಲಿಯ ಕಡೆ ರಿಜ್ಕಾ, ಗುಜರಾತಿಗಳ ಬಾಯಲ್ಲಿ ರಜಕೋ. ಮುಂಬೈ, ಪುಣೆಗಳಲ್ಲಿ ಮಾತ್ರ ಇದು ಲಸೂಣ ಘಾಸ್. ಲಸೂಣ ಎಂದರೆ ಬೆಳ್ಳುಳ್ಳಿ, ಆದರೆ ಈ ಗಿಡಕ್ಕೂ ಬೆಳ್ಳುಳ್ಳಿಗೂ ಯಾವ ನಂಟೂ ಇಲ್ಲ. ಲೂಸರ್ನ್ ಎಂಬ ಪರದೇಶಿ ಹೆಸರು ಮರಾಠಿ ನಾಲಿಗೆಯ ಮೇಲೆ ಹೊರಳಿ ಲಸೂಣ ಆಗಿರಬೇಕೆಂದು ನನ್ನ ಊಹೆ.

ಮೆಂತೆ ಎಂದು ಕರೆದದ್ದು ಮಾತ್ರ ನಮ್ಮವರ ಜಾಣತನ. ಒಂದು ತೊಟ್ಟಿಗೆ ಮೂರು ಎಲೆ, ಥೇಟ್ ಮೆಂತೆ ಸೊಪ್ಪಿನ ಹಾಗೆ. ಎರಡೂ ಒಂದೇ ಕುಟುಂಬದ ಹತ್ತಿರದ ಸಂಬಂಧಿಗಳು. ಹೂ ಬಂದಾಗ ಮಾತ್ರ ಬೇರೆ ಬೇರೆ. ಕುದುರೆ ಮೆಂತೆಯ ಹೂ ನೇರಳೆ ಬಣ್ಣ. ದಿಲ್ಲಿ, ಹರಿಯಾಣದ ಕಡೆ ಚಳಿಗಾಲದಲ್ಲಿ ಹೊಲ ತುಂಬ ಕಾಣುವ ಬಿಳಿ ಹೂವಿನ ಬರ್ಸೀಮ್ ಇದರ ಇನ್ನೊಂದು ಸಂಬಂಧಿ. ಅದಕ್ಕೆ ದೀರ್ಘ ಚಳಿ ಬೇಕು, ನಮ್ಮ ಸೀಮೆಯ ಬಿಸಿಲಿಗೆ ಅದು ತಡೆಯುವುದಿಲ್ಲ. ಕುದುರೆ ಮೆಂತೆ ತಡೆಯುತ್ತದೆ.

ಹೆಸರಿನಲ್ಲಿ ಕುದುರೆ ಯಾಕೆ? ಇದರ ತವರು ಇರಾನ್ ಮತ್ತು ಅದರ ಆಸುಪಾಸಿನ ನಾಡು. ಹಳೆಯ ಪರ್ಷಿಯನ್ನರು ಇದನ್ನು ಕರೆಯುತ್ತಿದ್ದ ಹೆಸರಿನ ಅರ್ಥವೇ ಕುದುರೆಯ ಮೇವು. ಪರ್ಷಿಯಾದ ದೊರೆ ದಾರಿಯಸ್ ಗ್ರೀಸಿನ ಮೇಲೆ ದಂಡೆತ್ತಿ ಹೋದ ಕಾಲದಲ್ಲಿ ಮೀಡಿಯಾ ಎಂಬ ಸೀಮೆಯಿಂದ ಈ ಗಿಡ ಗ್ರೀಸಿಗೆ ಹೋಯಿತೆಂದು ರೋಮಿನ ಪ್ಲೀನಿ ಬರೆದಿಟ್ಟಿದ್ದಾನೆ. ಇದರ ಶಾಸ್ತ್ರೀಯ ಹೆಸರಾದ ಮೆಡಿಕಾಗೊ ಹುಟ್ಟಿದ್ದು ಆ ಮೀಡಿಯಾದಿಂದ, ಮೆಡಿಸಿನ್ನಿನಿಂದ ಅಲ್ಲ! ಚೀನಾದವರೂ ಎರಡು ಸಾವಿರ ವರ್ಷಗಳ ಹಿಂದೆ ಮಧ್ಯ ಏಷ್ಯಾದ ಒಳ್ಳೆಯ ಕುದುರೆಗಳನ್ನು ತರಿಸಿಕೊಳ್ಳುವಾಗ ಅವುಗಳ ಮೇವಿನ ಬೀಜವನ್ನೂ ತರಿಸಿಕೊಂಡರು. ಅರಬರ ಬಾಯಿಂದ ಸ್ಪೇನಿಗೆ ಹೋಗಿ ಆಲ್ಫಾಲ್ಫಾ ಆಯಿತು. ಇಂದಿಗೂ ನಮ್ಮ ರೇಸ್ ಕುದುರೆಗಳ ಲಾಯಗಳಿಗೆ ಹಸಿರು ಕಟ್ಟುಗಳು ಹೋಗುತ್ತವಲ್ಲ, ಅದರಲ್ಲಿ ಈ ಸೊಪ್ಪು ಇದ್ದೇ ಇರುತ್ತದೆ.

ಇರಲಿ, ಆಕಳ ವಿಷಯಕ್ಕೆ ಬರೋಣ.

ನಮ್ಮ ಊಟದಲ್ಲಿ ಜೋಳದ ರೊಟ್ಟಿ ಇದೆ, ಬೇಳೆಯೂ ಇದೆ. ರೊಟ್ಟಿ ಹೊಟ್ಟೆ ತುಂಬಿಸುತ್ತದೆ, ದುಡಿಯುವ ಶಕ್ತಿ ಕೊಡುತ್ತದೆ. ಬೇಳೆ ಮೈ ಕಟ್ಟುತ್ತದೆ. ದನಗಳ ಊಟವೂ ಹೀಗೆಯೇ. ಜೋಳದ ಕಣಿಕೆ, ಗೋವಿನಜೋಳದ ಹಸಿ ಮೇವು, ಹೈಬ್ರಿಡ್ ನೇಪಿಯರ್ ಹುಲ್ಲು ಇವೆಲ್ಲ ರೊಟ್ಟಿಯ ಸಾಲು. ಕುದುರೆ ಮೆಂತೆ ಬೇಳೆಯ ಸಾಲು. ಬೇಳೆ ಒಳ್ಳೆಯದೆಂದು ರೊಟ್ಟಿ ಬಿಟ್ಟು ಬರೀ ಬೇಳೆ ಉಂಡರೆ ಏನಾಗುತ್ತದೆ ಎಂದು ನಿಮಗೆ ಗೊತ್ತು. ಈ ಮೇವಿನ ಬಗ್ಗೆ ಆಗುವ ತಪ್ಪುಗಳೆಲ್ಲ ಇದನ್ನು ರೊಟ್ಟಿ ಎಂದು ತಿಳಿದದ್ದರಿಂದಲೇ ಆಗುತ್ತವೆ.

ಲೆಕ್ಕ ನೋಡಿ. ಹಸಿ ಕುದುರೆ ಮೆಂತೆಯ ಹತ್ತು ಕಿಲೋದಲ್ಲಿ ಎಂಟು ಕಿಲೋ ನೀರೇ ಇರುತ್ತದೆ. ಉಳಿದ ಎರಡು ಕಿಲೋ ಒಣ ಅಂಶದಲ್ಲಿ ಸುಮಾರು ಐದನೆಯ ಒಂದು ಪಾಲು, ಅಂದರೆ 400 ಗ್ರಾಂನಷ್ಟು ಪ್ರೊಟೀನ್. ಅದೇ ಹತ್ತು ಕಿಲೋ ಗೋವಿನಜೋಳದ ಹಸಿ ಮೇವಿನಲ್ಲಿ ಇದರ ಅರ್ಧಕ್ಕಿಂತ ಹೆಚ್ಚು ಸಿಗುವುದು ಕಷ್ಟ. ಅಂಗಡಿಯಿಂದ ತರುವ ಪಶು ಆಹಾರದ ಚೀಲದ ಮೇಲೆ ಪ್ರೊಟೀನ್ ಶೇ. 20 ಎಂದು ಬರೆದಿದ್ದರೆ, ಎರಡು ಕಿಲೋ ಪಶು ಆಹಾರದಲ್ಲೂ ಅದೇ 400 ಗ್ರಾಂ. ಹಾಗಾಗಿ ಹತ್ತು ಕಿಲೋ ಕುದುರೆ ಮೆಂತೆ ಹಾಕುವವನು ಪ್ರೊಟೀನಿನ ಮಟ್ಟಿಗೆ ದಿನಕ್ಕೆ ಎರಡು ಕಿಲೋ ಪಶು ಆಹಾರದ ರೊಕ್ಕ ಉಳಿಸಬಲ್ಲ. ಶಕ್ತಿಯ ಮಟ್ಟಿಗೆ ಚೀಲದ ಆಹಾರವೇ ಮುಂದೆ, ಅದಕ್ಕೆಂದೇ ಹೆಚ್ಚು ಹಾಲು ಕೊಡುವ ಆಕಳಿಗೆ ಚೀಲವನ್ನು ಪೂರ್ತಿ ಬಿಡಲಾಗುವುದಿಲ್ಲ. ಜೊತೆಗೆ ಈ ಸೊಪ್ಪಿನಲ್ಲಿ ಸುಣ್ಣದ ಅಂಶ ಧಾರಾಳ. ಹಾಲು ಹಿಂಡುವ ಆಕಳಿಗೆ ಅದು ವರವೇ. ಆದರೆ ಗಬ್ಬದ ಆಕಳಿಗೆ ಈಯುವ ಮುಂಚಿನ ಎರಡು ಮೂರು ವಾರ ಇದನ್ನು ಬಿಡುವುದು ಲೇಸು. ಮೇವಿನಿಂದಲೇ ಸುಣ್ಣ ಬೇಕಾದಷ್ಟು ಬರುತ್ತಿದ್ದರೆ ಮೈಯೊಳಗಿನ ಎಲುಬಿನಿಂದ ಸುಣ್ಣ ತೆಗೆದುಕೊಳ್ಳುವ ಅಭ್ಯಾಸ ಮೈಗೆ ತಪ್ಪುತ್ತದೆ. ಈದ ಕೂಡಲೇ ಹಾಲು ಇಳಿದು ಸುಣ್ಣ ಒಮ್ಮೆಲೇ ಖರ್ಚಾದಾಗ ಆಕಳು ಏಳಲಾರದೆ ಕೂತುಬಿಡುತ್ತದೆ. ಹಾಲು ಜ್ವರ ಎನ್ನುವುದು ಇದಕ್ಕೇ.

ಇನ್ನು ಹೊಟ್ಟೆ ಉಬ್ಬರದ ಮಾತು. ಊರವರು ಹೇಳಿದ್ದು ಸುಳ್ಳಲ್ಲ.

ನನಗಾಗ ಹತ್ತು ವರ್ಷ. ದೀಪಾವಳಿ ಕಳೆದು ಚಳಿ ಶುರುವಾಗಿತ್ತು. ದೊಡ್ಡಪ್ಪನ ಹೊಲದಲ್ಲಿ ಬಾವಿಯ ಪಕ್ಕ ನಾಲ್ಕೈದು ಗುಂಟೆ ಕುದುರೆ ಮೆಂತೆ ಇತ್ತು. ಕೊಟ್ಟಿಗೆಯಲ್ಲಿ ಒಂದು ಜರ್ಸಿ ಆಕಳು, ಹೆಸರು ಗಂಗಿ, ಎರಡನೆಯ ಸೂಲಿನ ಕರು ಇನ್ನೂ ಕಾಲಿಗೆ ಅಡರುತ್ತಿತ್ತು. ದೊಡ್ಡಪ್ಪ ದಿನಾ ಕಣಿಕೆ ಹಾಕಿ, ಮಧ್ಯಾಹ್ನ ಮಾತ್ರ ಒಂದು ಸಣ್ಣ ಹೊರೆ ಬಾಡಿದ ಸೊಪ್ಪು ತಂದು ಹಾಕುತ್ತಿದ್ದ. ಗಂಗಿ ಸೊಪ್ಪಿಗಾಗಿ ಕತ್ತು ಚಾಚುವುದನ್ನು ನೋಡಿ ನನಗೆ ಪಾಪ ಎನಿಸುತ್ತಿತ್ತು. ಒಂದು ದಿನ ಮುಂಜಾನೆ ದೊಡ್ಡಪ್ಪ ಸಂತೆಗೆ ಹೋದ. ನಾನು ಕುಡಗೋಲು ತೆಗೆದುಕೊಂಡು ಹೋಗಿ ಇಬ್ಬನಿ ತೊಟ್ಟಿಕ್ಕುತ್ತಿದ್ದ ಎಳೆ ಸೊಪ್ಪನ್ನು ಕೊಯ್ದು, ಹಸಿದ ಆಕಳ ಮುಂದೆ ಎರಡು ಹೊರೆ ಹಾಕಿದೆ. ಅದು ತಿಂದ ಚಂದ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಹತ್ತು ಗಂಟೆಯ ಹೊತ್ತಿಗೆ ಅದರ ಎಡ ಮಗ್ಗುಲು ಡೊಳ್ಳಿನ ಹಾಗೆ ಬಿಗಿದುಕೊಂಡಿತ್ತು. ಕಾಲಿನಿಂದ ಹೊಟ್ಟೆ ಒದೆಯುತ್ತಿತ್ತು, ನಾಲಿಗೆ ಹೊರಗೆ ಬಂದಿತ್ತು. ಅವ್ವ, ದೊಡ್ಡವ್ವ ಇಬ್ಬರೂ ಓಡಾಡಿದರು, ಪಕ್ಕದ ಊರಿನ ಡಾಕ್ಟರಿಗೆ ಆಳು ಕಳಿಸಿದರು. ಆಳು ವಾಪಸು ಬರುವುದರೊಳಗೆ ಗಂಗಿ ಬಿದ್ದಿತ್ತು, ಮತ್ತೆ ಏಳಲಿಲ್ಲ. ಸಂಜೆ ದೊಡ್ಡಪ್ಪ ಬಂದು ಗೋದಲಿ ನೋಡಿ, "ಯವ್ವಾ, ಹಸಿ ಮೆಂತಿ ನೀ ಹಾಕಿದೇನು?" ಎಂದು ಕೇಳಿದ. ಅಷ್ಟೇ. ಬೈಯಲಿಲ್ಲ. ಆ ಚಳಿಗಾಲವೆಲ್ಲ ಕರುವಿಗೆ ಬಾಟಲಿಯಲ್ಲಿ ಹಾಲು ಕುಡಿಸಿದವಳು ನಾನು.

ಆಗಿದ್ದೇನೆಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಇದೇ ಕೆಲಸಕ್ಕೆ ಬಂದು ಪಶುವೈದ್ಯರೊಬ್ಬರ ಸಂದರ್ಶನಕ್ಕೆ ತಯಾರಿ ಮಾಡಿಕೊಳ್ಳುವಾಗ. ಮೆಲುಕು ಹಾಕುವ ಪ್ರಾಣಿಯ ಮೊದಲನೆಯ ದೊಡ್ಡ ಹೊಟ್ಟೆ ಒಂದು ಹುದುಗು ಹಂಡೆ. ಅಲ್ಲಿ ಸದಾ ಗಾಳಿ ಹುಟ್ಟುತ್ತಲೇ ಇರುತ್ತದೆ, ಆಕಳು ಅದನ್ನು ತೇಗಿ ತೇಗಿ ಹೊರಹಾಕುತ್ತದೆ. ಎಳೆಯ ಕುದುರೆ ಮೆಂತೆಯ ಪ್ರೊಟೀನ್ ಬೇಗ ಕರಗುವಂಥದ್ದು. ಅದು ಕರಗಿ ಹೊಟ್ಟೆಯೊಳಗೆ ಸಾಬೂನಿನ ನೊರೆಯಂಥ ಗಟ್ಟಿ ನೊರೆ ಏಳುತ್ತದೆ. ಗಾಳಿ ಆ ನೊರೆಯ ಸಾವಿರ ಗುಳ್ಳೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಗುಳ್ಳೆಯನ್ನು ತೇಗಲು ಬರುವುದಿಲ್ಲ. ಹೊಟ್ಟೆ ಉಬ್ಬಿ ಉಬ್ಬಿ ಎದೆಗೂಡನ್ನು ಒತ್ತುತ್ತದೆ, ಉಸಿರು ನಿಲ್ಲುತ್ತದೆ. ಕೆಲವೇ ಗಂಟೆಗಳ ಆಟ. ಕುದುರೆಯ ಹೊಟ್ಟೆಯ ರಚನೆಯೇ ಬೇರೆ, ಅದು ಮೆಲುಕು ಹಾಕುವ ಪ್ರಾಣಿಯಲ್ಲ. ಹಾಗಾಗಿ ಈ ನೊರೆಯ ಕಾಟ ಅದಕ್ಕಿಲ್ಲ.

ನಾನು ಮಾಡಿದ ಪ್ರತಿಯೊಂದೂ ತಪ್ಪೇ ಆಗಿತ್ತು. ಎಳೆಯದು, ಒದ್ದೆಯಾದದ್ದು, ಹಸಿದ ಹೊಟ್ಟೆಗೆ, ಒಮ್ಮೆಲೇ, ಅದೂ ಬರೀ ಅದನ್ನೇ. ದೊಡ್ಡಪ್ಪ ಯಾವ ಪುಸ್ತಕವನ್ನೂ ಓದದೆ ಮಾಡುತ್ತಿದ್ದದ್ದು ಸರಿಯಾಗಿತ್ತು. ಮೊದಲು ಒಣ ಕಣಿಕೆ ತಿನ್ನಿಸಿ ಅರೆಹೊಟ್ಟೆ ತುಂಬಿಸಬೇಕು. ಕೊಯ್ದ ಸೊಪ್ಪನ್ನು ಮೂರು ನಾಲ್ಕು ತಾಸು ಬಾಡಲು ಬಿಡಬೇಕು. ಕಣಿಕೆಯ ಜೊತೆ ಕತ್ತರಿಸಿ ಬೆರೆಸಿ ಹಾಕಿದರೆ ಇನ್ನೂ ಉತ್ತಮ, ಆಗ ಆಕಳು ಸೊಪ್ಪನ್ನಷ್ಟೇ ಆರಿಸಿ ತಿನ್ನಲಾಗದು. ಹೊಸದಾಗಿ ರೂಢಿ ಮಾಡಿಸುವಾಗ ಮೊದಲ ದಿನ ಒಂದೆರಡು ಕಿಲೋದಿಂದ ಶುರುಮಾಡಿ, ಒಂದೆರಡು ವಾರ ತೆಗೆದುಕೊಂಡು ಹತ್ತು ಕಿಲೋಗೆ ಏರಿಸಬೇಕು. ಎಂದೂ ದನವನ್ನು ಕುದುರೆ ಮೆಂತೆಯ ಹೊಲಕ್ಕೆ ಬಿಚ್ಚಿ ಬಿಡಬಾರದು. ಆಡು ಕುರಿ ಸಾಕಿದವರಿಗೂ ಇದೇ ಮಾತು.

ಇಷ್ಟಾದರೂ ಉಬ್ಬರ ಬಂತು ಎನ್ನಿ. ಎಡ ಮಗ್ಗುಲಿನ ಕುಳಿ ತುಂಬಿ ಮೇಲೆದ್ದದ್ದು ಕಂಡ ಕೂಡಲೇ ಸೊಪ್ಪು ತೆಗೆದುಬಿಡಬೇಕು. ಮುಂಗಾಲು ಎತ್ತರದ ಜಾಗದ ಮೇಲೆ ಬರುವ ಹಾಗೆ ನಿಲ್ಲಿಸಬೇಕು. ಶೇಂಗಾ ಎಣ್ಣೆಯಂಥ ಅಡುಗೆ ಎಣ್ಣೆ ಕಾಲಿನಿಂದ ಅರ್ಧ ಲೀಟರಿನವರೆಗೆ ನಿಧಾನವಾಗಿ ಕುಡಿಸಿದರೆ ನೊರೆ ಒಡೆಯುತ್ತದೆ. ನಿಧಾನ ಏಕೆಂದರೆ, ತಲೆ ಮೇಲೆತ್ತಿ ಗಡಿಬಿಡಿಯಲ್ಲಿ ಸುರಿದರೆ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಹೊಟ್ಟೆಗೆ ಚುಚ್ಚಿ ಗಾಳಿ ತೆಗೆಯುವ ಕೆಲಸ ಡಾಕ್ಟರದು, ಮನೆಯವರು ಅದಕ್ಕೆ ಕೈ ಹಾಕಬಾರದು. ಈಗ ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ 1962 ಸಂಖ್ಯೆಗೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಕರೆಸಬಹುದು. ಆ ಸಂಖ್ಯೆಯನ್ನು ಕೊಟ್ಟಿಗೆಯ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದಿಡಲು ನಿಮ್ಮ ತಮ್ಮನಿಗೆ ಹೇಳಿ.

ಹಾಗಾದರೆ ಎಷ್ಟು ಬಿತ್ತಬೇಕು? ಈಗ ನಿಜವಾದ ಲೆಕ್ಕ.

ನೀರು, ಗೊಬ್ಬರ ಚೆನ್ನಾಗಿ ಕೊಟ್ಟರೆ ಒಂದು ಹೆಕ್ಟೇರಿನಿಂದ ವರ್ಷಕ್ಕೆ 70ರಿಂದ 80 ಟನ್ ಹಸಿ ಮೇವು ಸಿಗುತ್ತದೆ. ಎಕರೆಗೆ 30 ಟನ್ ಎಂದುಕೊಳ್ಳೋಣ. ಒಂದು ಎಕರೆಗೆ 40 ಗುಂಟೆ, ಹಾಗಾಗಿ ಗುಂಟೆಗೆ 750 ಕಿಲೋ. ಒಂದು ಆಕಳಿಗೆ ದಿನಕ್ಕೆ 10 ಕಿಲೋದಂತೆ ಎರಡಕ್ಕೆ 20 ಕಿಲೋ, ವರ್ಷಕ್ಕೆ 7,300 ಕಿಲೋ. ಭಾಗಿಸಿ ನೋಡಿ: ಹತ್ತು ಗುಂಟೆ! ಎರಡು ಎಕರೆ ಬಿತ್ತಿದರೆ ದಿನಕ್ಕೆ 160 ಕಿಲೋಗಿಂತ ಹೆಚ್ಚು ಸೊಪ್ಪು ಬರುತ್ತದೆ, ಬೇಕಾದದ್ದರ ಎಂಟು ಪಟ್ಟು. ಮನೆಯಲ್ಲಿ ರಾಶಿ ಬಿದ್ದ ಸೊಪ್ಪು ಹಾಳಾಗಬಾರದೆಂದು ಆಕಳ ಮುಂದೆ ಹಾಕಿಯೇ ಹಾಕುತ್ತಾರೆ. ಉಬ್ಬರ ಬರುವುದು ಆಗಲೇ.

ಇಳುವರಿ ಎಲ್ಲ ಕಾಲಕ್ಕೂ ಒಂದೇ ಇರುವುದಿಲ್ಲ, ಮಳೆಗಾಲದಲ್ಲಿ ಕಳೆ ಏರಿ ಕುಗ್ಗುತ್ತದೆ. ಹಾಗಾಗಿ ಹನ್ನೆರಡು ಗುಂಟೆ ಇಟ್ಟುಕೊಂಡರೂ ಅಡ್ಡಿಯಿಲ್ಲ. ಉಳಿದ ನೆಲದಲ್ಲಿ ರೊಟ್ಟಿ ಬೆಳೆಯಲಿ, ಅಂದರೆ ನೇಪಿಯರ್, ಮೇವಿನ ಜೋಳ, ಗೋವಿನಜೋಳ. ನಾಲ್ಕುನೂರು ಕಿಲೋ ತೂಗುವ ಒಂದು ಆಕಳಿಗೆ ದಿನದ ಊಟ ಹೀಗಿರಬಹುದು: ಕುದುರೆ ಮೆಂತೆ 10 ಕಿಲೋ, ನೇಪಿಯರ್ ಅಥವಾ ಗೋವಿನಜೋಳದ ಹಸಿ ಮೇವು 20 ಕಿಲೋ, ಒಣ ಕಣಿಕೆ 5 ಕಿಲೋ. ಅದರ ಮೇಲೆ ಹಾಲಿನ ಪ್ರಮಾಣ ನೋಡಿ ಹಿಂಡಿ.

ಈ ಹತ್ತು ಗುಂಟೆಯನ್ನು ನಡೆಸುವುದರಲ್ಲಿ ಒಂದು ಚಂದವಿದೆ. ಕೊಯ್ದ ಸೊಪ್ಪು ಮತ್ತೆ ಕೊಯ್ಲಿಗೆ ಬರಲು 25ರಿಂದ 30 ದಿನ ಬೇಕು. ಹೊಲವನ್ನು ಮೂವತ್ತು ಸಣ್ಣ ಪಟ್ಟಿಗಳಾಗಿ ಮಾಡಿ ದಿನಕ್ಕೊಂದು ಪಟ್ಟಿ ಕೊಯ್ಯಬೇಕು. ಒಂದೊಂದು ಪಟ್ಟಿ ಗುಂಟೆಯ ಮೂರನೆಯ ಒಂದು ಪಾಲು, ಅದರಿಂದ 20 ಕಿಲೋ ಸಿಗುತ್ತದೆ. ಮೂವತ್ತನೆಯ ಪಟ್ಟಿ ಮುಗಿಯುವ ಹೊತ್ತಿಗೆ ಮೊದಲನೆಯದು ಸಿದ್ಧ! ಒಮ್ಮೆ ಬಿತ್ತಿದರೆ ಮೂರು ನಾಲ್ಕು ವರ್ಷ ಹೀಗೆ ಗಡಿಯಾರದ ಮುಳ್ಳಿನಂತೆ ಸುತ್ತುತ್ತಿರಬಹುದು.

ಕೊಯ್ಯುವ ವೇಳೆಗೂ ಒಂದು ಗುರುತುಂಟು. ಹತ್ತು ಗಿಡಗಳಲ್ಲಿ ಒಂದು ಹೂ ಬಿಟ್ಟಿರಬೇಕು. ಅದಕ್ಕಿಂತ ಮುಂಚೆ ಕೊಯ್ದರೆ ಉಬ್ಬರದ ಭಯ ಹೆಚ್ಚು. ಅಷ್ಟೇ ಅಲ್ಲ, ಗಿಡ ಪ್ರತಿ ಬಾರಿ ಚಿಗುರುವುದು ಬೇರಿನಲ್ಲಿ ಕೂಡಿಟ್ಟ ಗಂಟಿನಿಂದ. ಬೇರು ಗಂಟು ಕಟ್ಟುವುದರೊಳಗೆ ಮತ್ತೆ ಮತ್ತೆ ಕೊಯ್ದರೆ ಎರಡನೆಯ ವರ್ಷಕ್ಕೆ ಗಿಡ ಸೊರಗುತ್ತದೆ. ತಡಮಾಡಿದರೆ ಕಾಂಡ ಕಟ್ಟಿಗೆಯಾಗುತ್ತದೆ. ನೆಲದಿಂದ ನಾಲ್ಕು ಬೆರಳು ಬಿಟ್ಟು ಕೊಯ್ಯಬೇಕು, ಹೊಸ ಚಿಗುರು ಒಡೆಯುವುದು ಅಲ್ಲಿಂದ. ಹೆಚ್ಚಾದದ್ದನ್ನು ಒಣಗಿಸಿಡಬಹುದು, ಆದರೆ ಪ್ರೊಟೀನ್ ಬಹುಪಾಲು ಇರುವುದು ಎಲೆಯಲ್ಲಿ. ಬಿರುಬಿಸಿಲಿನಲ್ಲಿ ಹೊರಳಿಸಿದರೆ ಎಲೆಯೆಲ್ಲ ಉದುರಿ ಕಡ್ಡಿ ಉಳಿಯುತ್ತದೆ. ಹೊರಳಿಸುವ ಕೆಲಸ ಮುಂಜಾನೆಯ ತಂಪಿನಲ್ಲಿ.

ಬಿತ್ತನೆಗೆ ಅಕ್ಟೋಬರ್, ನವೆಂಬರ್ ಸರಿಯಾದ ಹೊತ್ತು. ಬೀಜ ಸಾಸಿವೆಯಂಥ ಸಣ್ಣದು, ಎಕರೆಗೆ 8 ಕಿಲೋದಂತೆ ಹತ್ತು ಗುಂಟೆಗೆ ಎರಡು ಕಿಲೋ ಸಾಕು. ಸಾಲಿನಿಂದ ಸಾಲಿಗೆ ಒಂದು ಅಡಿಯೊಳಗೆ ಅಂತರವಿಟ್ಟು ಬಿತ್ತಿದರೆ ಕಳೆ ತೆಗೆಯಲು ಅನುಕೂಲ. ಮೊದಲ ಒಂದು ತಿಂಗಳು ಗಿಡ ಬಲು ಮೆತ್ತಗೆ ಬೆಳೆಯುತ್ತದೆ, ಕಳೆ ಅದನ್ನು ಮುಚ್ಚಿಹಾಕುವುದು ಆಗಲೇ. ಮೊದಲ ಕೊಯ್ಲಿಗೆ ಎರಡು ತಿಂಗಳ ಮೇಲೆ ಕಾಯಬೇಕು. ತಳಿಗಳಲ್ಲಿ ಮಹಾರಾಷ್ಟ್ರದ ರಾಹುರಿ ಕೃಷಿ ವಿದ್ಯಾಪೀಠದ ಆರ್.ಎಲ್. 88, ಗುಜರಾತಿನ ಆನಂದ್ 2 ಹೆಸರಾದವು. ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ನಿಮ್ಮ ತಮ್ಮ ಒಂದು ದಿನ ಬಸ್ಸು ಹತ್ತಿ ಅಲ್ಲಿಗೆ ಹೋಗಿ ಬಂದರೆ ನನ್ನ ಈ ಪುಟಕ್ಕಿಂತ ಹೆಚ್ಚು ತಿಳಿಯುತ್ತದೆ.

ಅಗ್ಗದ ಬಿಡಿ ಬೀಜ ಮಾತ್ರ ಬೇಡ. ಅದರಲ್ಲಿ ಪರಾವಲಂಬಿ ಬಳ್ಳಿಯೊಂದರ ಬೀಜ ಬೆರೆತು ಬರುತ್ತದೆ. ಅದು ಎಲೆಯಿಲ್ಲದ, ಹಳದಿ ದಾರದಂಥ ಬಳ್ಳಿ. ನೆಲದ ಹಂಗನ್ನೂ ಬಿಟ್ಟು ಕುದುರೆ ಮೆಂತೆಯ ಕಾಂಡಕ್ಕೆ ಸುತ್ತಿ ಅದರ ರಸವನ್ನೇ ಹೀರುತ್ತದೆ. ಒಂದು ಕಡೆ ಕಂಡರೆ ಆ ಜಾಗದ ಗಿಡಗಳನ್ನೆಲ್ಲ ಕೊಯ್ದು ಸುಟ್ಟುಬಿಡಬೇಕು.

ಬೀಜ ತುಟ್ಟಿ ಏಕೆ ಎಂಬುದಕ್ಕೂ ಒಂದು ತಮಾಷೆಯ ಕಾರಣವಿದೆ. ಈ ಹೂವಿನೊಳಗೆ ಕೇಸರದ ದಂಡು ಬಾಗಿಸಿಟ್ಟ ಬಿದಿರಿನ ಹಾಗೆ ಬಿಗಿಯಾಗಿ ಕೂತಿರುತ್ತದೆ. ಜೇನುಹುಳ ಬಂದು ಕುಳಿತ ಕೂಡಲೇ ಅದು ಚಿಮ್ಮಿ ಹುಳದ ತಲೆಗೆ ಫಟ್ಟನೆ ಹೊಡೆಯುತ್ತದೆ. ಪರಾಗ ಅಂಟುವುದು ಹಾಗೆ. ನಾಲ್ಕು ಏಟು ತಿಂದ ಜೇನು ಬುದ್ಧಿ ಕಲಿತು ಮುಂದೆ ಹೂವಿನ ಮಗ್ಗುಲಿನಿಂದ ಬಾಯಿ ಹಾಕಿ ಮಕರಂದವನ್ನಷ್ಟೇ ಕದಿಯುತ್ತದೆ! ಹಾಗಾದರೆ ಬೀಜ ಕಟ್ಟುವುದೆಲ್ಲಿಂದ? ಕೆನಡಾ, ಅಮೆರಿಕದ ಬೀಜ ಬೆಳೆಗಾರರು ಏಟಿಗೆ ಹೆದರದ, ಎಲೆ ಕತ್ತರಿಸಿ ಗೂಡು ಕಟ್ಟುವ ಬೇರೊಂದು ಜಾತಿಯ ಒಂಟಿ ಜೇನನ್ನು ಇದಕ್ಕೆಂದೇ ಸಾಕುತ್ತಾರೆ.

ಗಿಡ ನೆಲಕ್ಕೆ ಮಾಡುವ ಉಪಕಾರವನ್ನೂ ಹೇಳಬೇಕು. ಬೇರಿನ ಗಂಟುಗಳಲ್ಲಿ ಮನೆ ಮಾಡಿಕೊಂಡ ಸೂಕ್ಷ್ಮಾಣುಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ, ಯೂರಿಯಾ ಚೀಲದ ಹಂಗು ಕಡಿಮೆ. ಈ ಸೂಕ್ಷ್ಮಾಣು ನಮ್ಮ ಅಡುಗೆಯ ಮೆಂತೆಯ ಬೇರಿನಲ್ಲಿರುವ ಜಾತಿಯದೇ. ಹೆಸರಿಟ್ಟ ಹಿರಿಯರಿಗೆ ಇದು ಗೊತ್ತಿರಲಿಲ್ಲ, ಆದರೂ ನಂಟು ನೆಲದೊಳಗೂ ನಿಜವಾಯಿತು! ಮೆಂತೆ ಎಂದೂ ಬೆಳೆಯದ ಹೊಲವಾದರೆ ಬೀಜಕ್ಕೆ ರೈಜೋಬಿಯಂ ಎಂಬ ಜೀವಾಣು ಗೊಬ್ಬರ ಲೇಪಿಸಿ ಬಿತ್ತಬೇಕು. ಅಂಗಡಿಯಲ್ಲಿ ಕುದುರೆ ಮೆಂತೆಗೆ ಎಂದೇ ಕೇಳಿ ತರಬೇಕು, ಶೇಂಗಾದ್ದು ಇದಕ್ಕೆ ನಡೆಯದು. ಮೂರು ನಾಲ್ಕು ವರ್ಷದ ಮೇಲೆ ಗಿಡ ತೆಳುವಾದಾಗ ಅದೇ ಜಾಗದಲ್ಲಿ ಮತ್ತೆ ಇದನ್ನೇ ಬಿತ್ತಬಾರದು. ಹಳೆಯ ಗಿಡ ಬಿಟ್ಟ ಅಂಶಗಳು ಹೊಸ ಸಸಿಯನ್ನು ಏಳಗೊಡುವುದಿಲ್ಲ. ಅಲ್ಲಿ ಜೋಳವನ್ನೋ ಗೋದಿಯನ್ನೋ ಹಾಕಿದರೆ ಕೂಡಿಟ್ಟ ಸಾರಜನಕ ಅವಕ್ಕೆ ದಕ್ಕುತ್ತದೆ.

ಕರಾವಳಿ ಮೂಲದ ನಮ್ಮ ಅನೇಕ ಮುಂಬೈ ಕೇಳುಗರು ಬೇಸರಿಸಬಾರದು, ಇದು ನಿಮ್ಮ ಊರಿನ ಬೆಳೆಯಲ್ಲ. ಕೆಂಪು ಜಂಬಿಟ್ಟಿಗೆಯ ಹುಳಿ ಮಣ್ಣು, ಬೇರು ಕೊಳೆಸುವ ಮಳೆ ಎರಡೂ ಇದಕ್ಕೆ ಆಗಿಬರುವುದಿಲ್ಲ. ಅಲ್ಲಿ ಬೇಳೆಯ ಸಾಲಿಗೆ ಅಲಸಂದೆಯನ್ನು ಪ್ರಯತ್ನಿಸಬಹುದು. ನೀರಾವರಿ ಇಲ್ಲದ ಬಯಲುಸೀಮೆಯವರಿಗೆ ಬೇಲಿ ಮೆಂತೆ ಎಂಬ ಇನ್ನೊಂದು ಗಿಡವಿದೆ. ಹೆಸರಿನಲ್ಲಿ ಮೆಂತೆ ಇದ್ದರೂ ಅದು ಬೇರೆಯದೇ ಪೊದೆ, ಒಮ್ಮೆ ಬೇರೂರಿದರೆ ಮಳೆಯ ನೀರಿನಲ್ಲೇ ಬದುಕುತ್ತದೆ.

ಕೊನೆಗೆ ಬೋರಿನ ಮಾತು, ರೊಕ್ಕ ಹೋಗುವುದು ಅಲ್ಲೇ. ಕುದುರೆ ಮೆಂತೆಯ ಬೇರು ಸಡಿಲ ಮಣ್ಣಿನಲ್ಲಿ ಹತ್ತು ಹದಿನೈದು ಅಡಿ ಇಳಿಯುತ್ತದೆ, ಹಾಗಾಗಿ ನೀರು ತಪ್ಪಿದರೂ ಗಿಡ ಬೇಗ ಸಾಯುವುದಿಲ್ಲ. ಆದರೆ ಬದುಕುವುದು ಬೇರೆ, ತಿಂಗಳಿಗೊಮ್ಮೆ ಕೊಯ್ಲು ಕೊಡುವುದು ಬೇರೆ. ಚಳಿಗಾಲದಲ್ಲಿ ಎರಡು ವಾರಕ್ಕೊಮ್ಮೆ, ಬೇಸಿಗೆಯಲ್ಲಿ ವಾರ ಹತ್ತು ದಿನಕ್ಕೊಮ್ಮೆ ನೀರು ಬೇಕು, ವರ್ಷಪೂರ್ತಿ. ಇದರ ಬಾಯಾರಿಕೆ ಎಂಥದ್ದೆಂದು ಸೌದಿ ಅರೇಬಿಯಾವನ್ನು ಕೇಳಬೇಕು. ಅಲ್ಲಿ ಮರಳುಗಾಡಿನ ಆಳದ ನೀರೆತ್ತಿ ದೊಡ್ಡ ದೊಡ್ಡ ಡೇರಿಗಳಿಗೆ ಆಲ್ಫಾಲ್ಫಾ ಬೆಳೆದರು. ನೀರು ಬರಿದಾಗತೊಡಗಿ ಸರ್ಕಾರವೇ ಹಸಿ ಮೇವಿನ ಕೃಷಿಗೆ ಕಡಿವಾಣ ಹಾಕಿತು. ಅಲ್ಲಿನ ಒಂದು ಡೇರಿ ಕಂಪನಿ 2014ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಜಮೀನು ಕೊಂಡು, ಅಲ್ಲಿ ಮೇವು ಬೆಳೆದು ಹಡಗಿನಲ್ಲಿ ತರಿಸಿಕೊಳ್ಳತೊಡಗಿತು. ಅರಿಜೋನಾವೂ ಬರದ ನಾಡೇ. ಜನ ತಕರಾರು ಎತ್ತಿದರು, 2023ರಲ್ಲಿ ಅಲ್ಲಿನ ರಾಜ್ಯ ಸರ್ಕಾರ ಆ ಕಂಪನಿಗೆ ಗುತ್ತಿಗೆ ಕೊಟ್ಟಿದ್ದ ಸರ್ಕಾರಿ ನೆಲವನ್ನು ವಾಪಸು ಪಡೆಯಲು ಹೊರಟಿತು.

ಡೊಂಬಿವಿಲಿಯ ಅಣ್ಣಾವರೇ, ನಿಮ್ಮ ಊರಿನ ಹಳೆಯ ಬಾವಿಯಲ್ಲೋ ಪಕ್ಕದ ಬೋರಿನಲ್ಲೋ ಹತ್ತು ಗುಂಟೆಗೆ ಸಾಲುವಷ್ಟು ನೀರು ಮೇ ತಿಂಗಳಲ್ಲೂ ಇರುತ್ತದೆಯೇ ಎಂದು ತಮ್ಮನನ್ನು ಕೇಳಿ. ಇದ್ದರೆ ಹೊಸ ಬೋರ್ ಏಕೆ? ಬೋರಿಗೆಂದು ಇಟ್ಟ ರೊಕ್ಕದಲ್ಲಿ ಮೇವು ಕತ್ತರಿಸುವ ಯಂತ್ರ ತೆಗೆದುಕೊಳ್ಳಲಿ. ಕಣಿಕೆ, ಸೊಪ್ಪು ಎರಡನ್ನೂ ಕೂಡಿಸಿ ಕತ್ತರಿಸಿ ಹಾಕಲು ಅದು ಬೇಕೇ ಬೇಕು. ಬೇಸಿಗೆಯಲ್ಲಿ ನೀರೇ ನಿಲ್ಲುವುದಿಲ್ಲ ಎಂದಾದರೆ, ಈ ವರ್ಷಕ್ಕೆ ಚಳಿಗಾಲದ ನಾಲ್ಕು ಕೊಯ್ಲಿಗಷ್ಟೇ ಐದು ಗುಂಟೆ ಬಿತ್ತಿ ನೋಡಲಿ.

ಅಂದ ಹಾಗೆ, ಅವತ್ತು ನೀವು ಕೇಳಿದ ಹಾಡನ್ನು ವಾರ್ತೆಯ ಸಮಯವಾಯಿತೆಂದು ಅರ್ಧಕ್ಕೇ ಇಳಿಸಿಬಿಟ್ಟಿದ್ದೆ. ಬರುವ ರವಿವಾರ ಮೊದಲ ಹಾಡು ಅದೇ, ಪೂರ್ತಿ ಹಚ್ಚುತ್ತೇನೆ. ತಮ್ಮನಿಗೂ ಫೋನ್ ಹಿಡಿದು ಕೇಳಿಸಿ.